ಷಡ್ಡಕನಿಲ್ಲದ ಊರಿನ ಬಂಡೆ

“ನಮ್ಮ ಹಿಂದಿನ ಬೀದೀಲೇ ಒಂದು ಮನೆ ಖಾಲಿ ಆಗ್ತಿದೆ ಪ್ರಸನ್ನ. ನಮ್ಮ ಅಡುಗೆಮನೆ ಕಿಟಕಿ ತೆಗೆದ್ರೆ ಸಾಕು, ನೀವು ಒಗ್ಗರಣೆಗೆ ಇಂಗು ಹಾಕಿದೀರೋ ಇಲ್ವೋ, ನಾನು ಇಲ್ಲಿಂದಲೇ ಹೇಳ್ಬಿಡ್ತೀನಿ.”

ಫೋನಿನ ಪರದೆಯ ತುಂಬ ಹರಡಿಕೊಂಡು ಹೀಗೆಂದವನು ಮೆಲ್ಬರ್ನಿನ ಶಂಕರ್. ಪ್ರಸನ್ನನ ಹೆಂಡತಿ ಸುಹಾಸಿನಿಯ ಅಕ್ಕ ಲತಾಶ್ರೀಯ ಗಂಡ. ಅಂದರೆ ಪ್ರಸನ್ನನಿಗೆ ಷಡ್ಡಕ. ನಮ್ಮ ಹಿರಿಯರು ಎಲ್ಲ ನೆಂಟಸ್ತಿಕೆಗಳಿಗೂ ಅಣ್ಣ, ಮಾವ, ಭಾವ ಎಂದು ಬಾಯಿಗೆ ಮೆತ್ತಗಿರುವ ಹೆಸರಿಟ್ಟು, ಇದೊಂದಕ್ಕೆ ಮಾತ್ರ ಹಲ್ಲು ಕಡಿದಂತೆ ಕೇಳುವ ಹೆಸರಿಟ್ಟಿದ್ದಾರೆ. ಸುಮ್ಮನೆ ಇಟ್ಟಿರಲಾರರು.

ಹಾಗೆಂದು ಶಂಕರ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಒಂದು ಜಗಳವಾಡಿ ಮಾತು ಬಿಟ್ಟು ನೆಮ್ಮದಿಯಾಗಿರಬಹುದಿತ್ತು. ಅವನು ಉಪಕಾರಿ. ಹಿಂದಿನ ಬೇಸಿಗೆಯಲ್ಲಿ ಅಮೆರಿಕದ ಲೊಂಬಾರ್ಡಿನ ಇವರ ಮನೆಗೆ ಬಂದಿದ್ದಾಗ, ಪ್ರಸನ್ನ ಡಿಶ್‌ವಾಶರಿಗೆ ಜೋಡಿಸಿದ ಪಾತ್ರೆಗಳನ್ನು ದಿನವೂ ಹೊರಗೆ ತೆಗೆದು ಸರಿಯಾಗಿ ಜೋಡಿಸಿದ. ಇಡೀ ಪಾರ್ಕಿಂಗ್ ಜಾಗ ಖಾಲಿ ಬಿದ್ದಿದ್ದರೂ ಕಾರಿನಿಂದಿಳಿದು ಹಿಂದೆ ನಿಂತು “ಬರ್ಲಿ, ಬರ್ಲಿ, ಲೆಫ್ಟು” ಎಂದು ಕೈ ಬೀಸಿದ. ಪ್ರಸನ್ನ ಸೀನಿದರೆ, ಸೀನುವ ಸರಿಯಾದ ಕ್ರಮ ಯಾವುದೆಂದು ಹೇಳಿಕೊಟ್ಟ. ಅವನು ವಿಮಾನ ಹತ್ತಿದ ದಿನ ಪ್ರಸನ್ನ ಪಾತ್ರೆಗಳನ್ನು ಡಿಶ್‌ವಾಶರಿಗೆ ಬೇಕೆಂದೇ ಅಡ್ಡಾದಿಡ್ಡಿ ತುಂಬಿ, ಅದರ ಮುಂದೆ ಸ್ವಲ್ಪ ಹೊತ್ತು ಕುರ್ಚಿ ಹಾಕಿಕೊಂಡು ಕೂತಿದ್ದ.

ಈಗ ಪ್ರಸನ್ನನ ಕಂಪನಿಯವರು ಅವನನ್ನು ಆಸ್ಟ್ರೇಲಿಯಾಕ್ಕೆ ಕಳಿಸುತ್ತಿದ್ದರು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್, ಮೂರರಲ್ಲಿ ಯಾವುದು ಬೇಕೋ ಆರಿಸಿಕೊಂಡು ಮುಂದಿನ ಸೋಮವಾರವಲ್ಲ, ಅದರಾಚೆಯ ಸೋಮವಾರ ಹೇಳಬೇಕಿತ್ತು. ಬ್ರಿಸ್ಬೇನಿನ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಮೆಲ್ಬರ್ನಿನ ಬಗ್ಗೆ ಪ್ರಸನ್ನನಿಗೆ ಬೇಕಾದ್ದಕ್ಕಿಂತ ಹೆಚ್ಚು ಗೊತ್ತಿತ್ತು.

“ನಾವು ಸಿಡ್ನಿ ಅಂತ ಯೋಚನೆ ಮಾಡ್ತಿದೀವಿ ಶಂಕರ್,” ಎಂದ ಪ್ರಸನ್ನ.

“ನಾವು ಅಂದ್ರೆ ಯಾರು?” ಎಂದಳು ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಸುಹಾಸಿನಿ.

“ಸಿಡ್ನೀಲಿ ಏನಿದೆ ಸ್ವಾಮಿ, ನಮ್ಮಲ್ಲಿ ಇಲ್ಲದ್ದು?” ಎಂದ ಶಂಕರ್.

‘ನೀವಿಲ್ಲ’ ಎನ್ನುವುದು ಉತ್ತರ. ಅದನ್ನು ಹೇಳುವ ಹಾಗಿರಲಿಲ್ಲ. ಪ್ರಸನ್ನ ಅತ್ತಿತ್ತ ನೋಡಿದ. ಸೋಫಾದ ಮೇಲೆ ಮಗಳು ತನಿಷಾ ಕಾಲು ಚಾಚಿಕೊಂಡು ತನ್ನ ಫೋನಿನಲ್ಲಿ, ಯಾವನೋ ಅಂಗಿಯಿಲ್ಲದ ಪುಣ್ಯಾತ್ಮ ನೆಟ್ಟಗಿನ ಬಂಡೆಯೊಂದನ್ನು ಹಲ್ಲಿಯಂತೆ ಹತ್ತುವುದನ್ನು ನೋಡುತ್ತಿದ್ದಳು.

“ಬಂಡೆ,” ಎಂದ ಪ್ರಸನ್ನ. “ಸಿಡ್ನಿ ಪಕ್ಕ ಬ್ಲೂ ಮೌಂಟನ್ಸ್ ಅಂತ ಇದೆಯಲ್ಲ. ನನಗೆ ಮೊದ್ಲಿಂದ ಬಂಡೆ ಹತ್ತೋ ಹುಚ್ಚು. ರಾಕ್ ಕ್ಲೈಂಬಿಂಗ್.”

ಚಾವಣಿಯಲ್ಲಿದ್ದ ಸ್ಮೋಕ್ ಅಲಾರ್ಮ್ ‘ಕೀಚ್’ ಎಂದಿತು. ಅದರ ಬ್ಯಾಟರಿ ಸಾಯುತ್ತ ಬಂದು, ಅದು ಹೀಗೆ ಆಗಾಗ ಕೀಚಲು ಶುರುಮಾಡಿ ಬಹಳ ದಿನವಾಗಿತ್ತು. ಬದಲಾಯಿಸಬೇಕಾದರೆ ಸಣ್ಣ ಏಣಿ ಹತ್ತಬೇಕಿತ್ತು. ಏಣಿಯ ಮೂರನೆಯ ಮೆಟ್ಟಿಲಿನಲ್ಲಿ ಪ್ರಸನ್ನನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಸುಹಾಸಿನಿ ಅಲಾರ್ಮನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಬಟಾಣಿ ಸುಲಿಯತೊಡಗಿದಳು.

“ಡ್ಯಾಡ್, ಸೀರಿಯಸ್ಲೀ?” ಎಂದಳು ತನಿಷಾ.

ಪ್ರಸನ್ನ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅವನು ತುಮಕೂರಿನವನು. ಏಳನೆಯ ಕ್ಲಾಸಿನಲ್ಲಿ ಶಾಲೆಯವರು ಮಧುಗಿರಿ ಬೆಟ್ಟಕ್ಕೆ ಕರೆದೊಯ್ದಿದ್ದರು. ಅರ್ಧ ಬೆಟ್ಟವನ್ನು ಅವನು ಸ್ವಂತ ಕಾಲಿನಲ್ಲೇ ಹತ್ತಿದ್ದ. ಇಳಿದದ್ದು ಮಾತ್ರ ಪಿ.ಟಿ. ಮೇಷ್ಟ್ರ ಬೆನ್ನ ಮೇಲೆ, ಕಣ್ಣು ಮುಚ್ಚಿಕೊಂಡು. ಆಮೇಲೆ ಅವನು ಬಂದು ನೆಲಸಿದ ಇಲಿನಾಯ್ ಸೀಮೆಯಾದರೋ ದೋಸೆ ಕಾವಲಿಯಷ್ಟು ಸಪಾಟು. ಅಲ್ಲಿ ಕಾಣುವ ಒಂದೆರಡು ಗುಡ್ಡಗಳೂ ಊರಿನ ಕಸ ಪೇರಿಸಿ ಮೇಲೆ ಹುಲ್ಲು ಬೆಳೆಸಿದವು. ಆದ್ದರಿಂದ ಅವನ ಹುಚ್ಚಿಗೆ ಪುರಾವೆ ಕೇಳುವ ಸಂದರ್ಭ ಬರಲಾರದೆಂದು ಅವನು ನಂಬಿದ್ದ.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುವಾಗಲೇ ಶಂಕರ್ ಮತ್ತೆ ಫೋನ್ ಮಾಡಿದ. ಮೆಲ್ಬರ್ನಿನಲ್ಲಿ ಆಗ ಮಲಗುವ ಹೊತ್ತು ಮೀರಿತ್ತು. ಉಪಕಾರ ಮಾಡುವವರಿಗೆ ನಿದ್ದೆ ಬರುವುದಿಲ್ಲ.

“ಒಂದು ಸಂತೋಷದ ಸಮಾಚಾರ ಪ್ರಸನ್ನ. ನಿಮ್ಮ ಸಿಡ್ನಿ ಬಂಡೆ ಏನೇನೂ ಅಲ್ಲ. ನಮ್ಮ ಕಡೆ ಅರಾಪಿಲೀಸ್ ಅಂತ ಇದೆ. ಪ್ರಪಂಚದ ಕ್ಲೈಂಬರ್‌ಗಳೆಲ್ಲ ಬಂದು ಅದನ್ನೇ ತಬ್ಬಿಕೊಳ್ಳೋದು.”

“ನಿಮ್ಮನೆಯಿಂದ ಎಷ್ಟು ದೂರ?”

“ನಾಲ್ಕು ಗಂಟೆ ಡ್ರೈವ್.”

“ಅಯ್ಯೋ, ಅಷ್ಟು ದೂರನಾ? ಪಾಪ, ಆಗಲ್ಲ ಬಿಡಿ.”

“ಯಾಕೆ ಆಗಲ್ಲ? ಪ್ರತಿ ಶನಿವಾರ ನಾನೇ ಕರ್ಕೊಂಡು ಹೋಗ್ತೀನಿ. ಹೋಗ್ತಾ ನಾಲ್ಕು ಗಂಟೆ, ಬರ್ತಾ ನಾಲ್ಕು ಗಂಟೆ. ಕಾರಲ್ಲಿ ನಾವಿಬ್ಬರೇ. ಎಷ್ಟು ವಿಷಯ ಮಾತಾಡಬಹುದು ನೋಡಿ.”

ಪ್ರಸನ್ನನ ಕಾಫಿ ಲೋಟದಲ್ಲೇ ಆರಿತು. ಒಂದು ಸುಳ್ಳು ಹೇಳಿ ಅವನು ಸಂಪಾದಿಸಿದ್ದು ಇಷ್ಟು: ಮೊದಲು ಷಡ್ಡಕ ಹಿಂದಿನ ಬೀದಿಯಲ್ಲಿದ್ದ, ಈಗ ಪಕ್ಕದ ಸೀಟಿಗೆ ಬಂದಿದ್ದ.

ಅಂದು ಮಧ್ಯಾಹ್ನ ವೆಸ್ಟ್‌ಮಂಟಿನಲ್ಲಿ ಚಂದ್ರಶೇಖರ ಅಂಕಲ್ ಮನೆಯ ಬೇಸ್‌ಮೆಂಟಿನಲ್ಲಿ ಪಾಟ್‌ಲಕ್. ಒಬ್ಬೊಬ್ಬರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಕೂಟ. ಅಂಕಲ್ ನಿವೃತ್ತರು, ಉತ್ತರ ಕರ್ನಾಟಕದವರು. ಮನೆಗೆ ಹೊಸ ಅಡುಗೆಕಟ್ಟೆ ಹಾಕಿಸುವ ಗಡಿಬಿಡಿಯಲ್ಲಿದ್ದರು. ಬಿಸಿಬೇಳೆಬಾತಿನ ಪಾತ್ರೆಯ ಮುಂದೆ ಸುಹಾಸಿನಿ ಎಲ್ಲರಿಗೂ ಕೇಳುವಂತೆ ಹೇಳಿದಳು: “ಇವರು ಬಂಡೆ ಹತ್ತುತ್ತಾರಂತೆ. ನನಗೂ ನಿನ್ನೆ ರಾತ್ರೀನೇ ಗೊತ್ತಾಗಿದ್ದು.”

“ಹೌದೇನ್ರೀ ಪ್ರಸನ್ನ?” ಅಂಕಲ್ ತಟ್ಟೆ ಹಿಡಿದುಕೊಂಡು ಹತ್ತಿರ ಬಂದರು. “ಎಷ್ಟು ಬಂಡೆ ಆಗ್ಯಾವ ಈ ತನಕಾ?”

“ಹತ್ತು...” ಎಂದು ಪ್ರಸನ್ನ ಶುರುಮಾಡಿದ. ‘ಹತ್ತುವುದು ಅಂದರೆ ಅಷ್ಟು ಸುಲಭವಲ್ಲ’ ಎಂಬ ಮಾತಿನ ಪೀಠಿಕೆ ಅದು. ಅಷ್ಟರಲ್ಲಿ ಬಾಯಿಗೆ ಬಿಸಿಬೇಳೆಬಾತು ಹೋಗಿತ್ತು.

“ಹತ್ತು ಬಂಡೆ,” ಎಂದು ಅಂಕಲ್ ಹಿಂದಿನವರಿಗೆ ತಿರುಗಿ ಹೇಳಿದರು. ಹಿಂದಿನವರು ಮೆಟ್ಟಿಲ ಮೇಲಿದ್ದವರಿಗೆ ಹೇಳಿದರು. ಅಡುಗೆಕಟ್ಟೆಗೆ ಕಲ್ಲು ಹುಡುಕುತ್ತಿದ್ದ ಮನೆಯಲ್ಲಿ ಮಾತು ಮೆಟ್ಟಿಲು ಹತ್ತಿ ಅಡುಗೆಮನೆ ತಲುಪುವ ಹೊತ್ತಿಗೆ ಏನಾಗಬೇಕೋ ಅದೇ ಆಗಿತ್ತು: ಪ್ರಸನ್ನ ಆಸ್ಟ್ರೇಲಿಯಾದಲ್ಲಿ ಹತ್ತು ಎಕರೆ ಬಂಡೆ ತೆಗೆದುಕೊಂಡಿದ್ದ. ಹೊರಡುವಾಗ ಅಂಕಲ್ ಅವನ ಹೆಗಲ ಮೇಲೆ ಕೈಯಿಟ್ಟು, “ಕರೀ ಗ್ರಾನೈಟ್ ಬಂದ್ರ ನಮಗ ಒಂದು ಚಪ್ಪಡಿ ತೆಗೆದಿಡ್ರಿ, ಮನೀ ಮಂದಿ ಇದ್ದಂಗ ನೀವು,” ಎಂದರು. ಪ್ರಸನ್ನನಿಗೆ ಅರ್ಥವಾಗಲಿಲ್ಲ. ಆದರೂ “ಖಂಡಿತ” ಎಂದ. ಅರ್ಥವಾಗದ್ದಕ್ಕೆಲ್ಲ ‘ಖಂಡಿತ’ ಎನ್ನುವುದು ಅವನ ಹಳೆಯ ಅಭ್ಯಾಸ.

ಆದರೆ ಆ ಬೇಸ್‌ಮೆಂಟಿನಲ್ಲಿ ಒಬ್ಬಳು ಮಾತ್ರ ವಿಷಯವನ್ನು ಸರಿಯಾಗಿ ಕೇಳಿಸಿಕೊಂಡಿದ್ದಳು. ಅದೇ ದೊಡ್ಡ ಅನಾಹುತವಾಯಿತು. ಅವಳು ಮಾಳವಿಕಾ, ಡೌನರ್ಸ್ ಗ್ರೋವಿನ ಹಲ್ಲಿನ ಡಾಕ್ಟರು. ಹುಟ್ಟಿ ಬೆಳೆದದ್ದು ಇಲ್ಲೇ. ಅವಳ ಅಜ್ಜಿ ಅವಳನ್ನು ಮಾತಾಡಿಸಿದ ಕನ್ನಡವೇ ಅವಳ ಕನ್ನಡ. ಹೀಗಾಗಿ ಪ್ರಪಂಚದಲ್ಲಿ ಎಲ್ಲರೂ ಅವಳಿಗೆ ‘ನೀನು’. ವಾರದಲ್ಲಿ ಮೂರು ದಿನ ಹಲ್ಲು ಕೀಳುವುದು, ಉಳಿದ ದಿನ ಬಂಡೆ ಹತ್ತುವುದು ಅವಳ ಜೀವನ.

“ಅಂಕಲ್, ನೀನು ಕ್ಲೈಂಬರ್ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಿಂಗೆ ಯಾರು ಬಿಲೇ ಮಾಡ್ತಾರೆ?”

ಬಂಡೆ ಹತ್ತುವವನ ಹಗ್ಗವನ್ನು ಕೆಳಗೆ ನಿಂತು ಹಿಡಿದುಕೊಳ್ಳುವುದಕ್ಕೆ ಆ ಜನ ‘ಬಿಲೇ’ ಎನ್ನುತ್ತಾರೆ. ಪ್ರಸನ್ನನಿಗೆ ‘ಬೆಲೆ’ ಎಂದು ಕೇಳಿಸಿತು. ಅಮೆರಿಕದ ಮಕ್ಕಳ ಕನ್ನಡ ಹಾಗೇ ಇರುತ್ತದೆ ಎಂದುಕೊಂಡು, “ಬೆಲೆಯೆಲ್ಲ ನಮ್ಮನೇಲಿ ಸುಹಾಸಿನೀನೇ ನೋಡ್ಕೊಳ್ಳೋದಮ್ಮ. ನಾನು ತಲೆ ಹಾಕಲ್ಲ,” ಎಂದ.

“ಓ ಮೈ ಗಾಡ್, ಆಂಟಿ ಬಿಲೇ ಮಾಡ್ತಾಳಾ? ದಟ್ಸ್ ಸೋ ಸ್ವೀಟ್.” ಮಾಳವಿಕಾಳ ಕಣ್ಣು ಒದ್ದೆಯಾಯಿತು. “ಶನಿವಾರ ನಮ್ಮ ಜಿಮ್ಮಿಗೆ ಬಾ. ಇಬ್ರೂ ಬನ್ನಿ.”

“ಖಂಡಿತ,” ಎಂದ ಪ್ರಸನ್ನ.

ಆ ವಾರ ಸುದ್ದಿ ಮಿಶಿಗನ್ ಮುಟ್ಟಿತು. ಅಲ್ಲಿ ನಾರ್ತ್‌ವಿಲ್ಲಿನಲ್ಲಿ ಮಗನ ಮನೆಯಲ್ಲಿದ್ದ ಕೆಂಪಮ್ಮ ಸುಹಾಸಿನಿಗೆ ಚಿಕ್ಕಮ್ಮ. ತಾಯಿಯಿಲ್ಲದ ಮೇಲೆ ಅಕ್ಕತಂಗಿಯರಿಬ್ಬರಿಗೂ ತಾಯಿಯ ಜಾಗದಲ್ಲಿದ್ದವರು. ಶಿಕಾಗೋ ಕಡೆಗೆ ಹೊರಟಿದ್ದ ಯಾರದೋ ಕಾರು ಹತ್ತಿ, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು, ಇನ್ನೂರ ಎಂಬತ್ತು ಮೈಲಿ ಬಂದು ಶನಿವಾರ ಮಧ್ಯಾಹ್ನ ಲೊಂಬಾರ್ಡಿನಲ್ಲಿ ಇಳಿದರು.

“ಅಳಿಯಂದ್ರೇ, ಕೆಲಸ ಬಿಟ್ಟು ಬಂಡೆ ಒಡೆಯೋಕ್ ಹೋಯ್ತೀರಂತೆ? ಈ ವಯಸ್ನಲ್ಲಿ ಡೈನಮೈಟ್ ಸವಾಸ ಯಾಕೆ?”

“ಒಡೆಯೋದಲ್ಲ ಚಿಕ್ಕಮ್ಮ, ಹತ್ತೋದು,” ಎಂದಳು ಸುಹಾಸಿನಿ. “ಬನ್ನಿ, ಇವತ್ತು ತೋರಿಸ್ತಾರೆ. ಅಕ್ಕ ಭಾವನೂ ವಿಡಿಯೋ ಕಾಲಲ್ಲಿ ನೋಡ್ತಾರಂತೆ.”

ಅಲಾರ್ಮ್ ‘ಕೀಚ್’ ಎಂದಿತು. ಪ್ರಸನ್ನ ಬಾಯಿ ತೆರೆದ. ಆ ಕ್ಷಣದಲ್ಲಿ ಅವನು ನಿಜ ಹೇಳಿಬಿಡಬಹುದಿತ್ತು. ಹೇಳಿದರೆ ಸಿಡ್ನಿಗೆ ಇದ್ದ ಒಂದೇ ಕಾರಣ ಹೋಗುತ್ತಿತ್ತು. ಸೋಮವಾರ ಮೆಲ್ಬರ್ನ್ ಎಂದು ಬರೆಯಬೇಕಾಗುತ್ತಿತ್ತು. ಆಮೇಲೆ ಜೀವನಪರ್ಯಂತ ಅವನ ಒಗ್ಗರಣೆಗೆ ಇನ್ನೊಬ್ಬನ ಮೂಗು. ಪ್ರಸನ್ನ ಬಾಯಿ ಮುಚ್ಚಿ, ಷೂ ಹುಡುಕಿದ.

ಜಿಮ್ ಎಂದರೆ ದೊಡ್ಡದೊಂದು ಗೋದಾಮು. ಒಳಗೆ ಆಕಾಶದೆತ್ತರದ ಗೋಡೆಗಳು. ಗೋಡೆಯ ತುಂಬ ಮಕ್ಕಳು ಮೆತ್ತಿದ ಜೇಡಿಮಣ್ಣಿನಂಥ ಬಣ್ಣಬಣ್ಣದ ಹಿಡಿಕೆಗಳು. ಮಾಳವಿಕಾ ಪ್ರಸನ್ನನ ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ಚಾವಣಿಯ ಸರಳು ಬಳಸಿ ಇಳಿದಿದ್ದ ಹಗ್ಗದ ಒಂದು ತುದಿ ಕಟ್ಟಿದಳು.

“ಆಂಟಿ, ನೀನು ಬಿಲೇ ಮಾಡ್ತೀಯಾ?”

“ಇವತ್ತು ನೀನೇ ಮಾಡಮ್ಮ,” ಎಂದಳು ಸುಹಾಸಿನಿ ಗಂಭೀರವಾಗಿ. “ನಾನು ನೋಡ್ತೀನಿ.”

ಕೆಂಪಮ್ಮ ಫೋನನ್ನು ಎರಡೂ ಕೈಯಲ್ಲಿ ದೀಪದಂತೆ ಎತ್ತಿ ಹಿಡಿದಿದ್ದರು. ಅದರೊಳಗಿನಿಂದ ಬೆಳಗಿನ ಕಾಫಿ ಹೀರುತ್ತ ಶಂಕರ್ ಶುರುಮಾಡಿದ. “ಪ್ರಸನ್ನ, ಎಡಗಾಲು ಮೊದ್ಲು. ಎಡಗಾಲು. ಅಲ್ಲ, ಅದು ನನಗೆ ಬಲ, ನಿಮಗೆ ಎಡ. ಆ ಹಳದೀದು ಹಿಡೀಬೇಡಿ, ಹಸಿರು ಹಿಡೀರಿ. ಉಸಿರು ಮೂಗಲ್ಲಿ ತಗೊಳ್ಳಿ, ಬಾಯಲ್ಲಲ್ಲ.”

ಪ್ರಸನ್ನ ಹಳದಿ ಹಿಡಿದ. ಒಂದು ಹೆಜ್ಜೆ ಮೇಲೇರಿದ.

ಏರಿದಾಗ ಅವನಿಗೊಂದು ವಿಷಯ ಗಮನಕ್ಕೆ ಬಂತು. ಶಂಕರನ ದನಿ ಒಂದು ಹೆಜ್ಜೆಯಷ್ಟು ಸಣ್ಣದಾಗಿತ್ತು. ಇನ್ನೊಂದು ಹೆಜ್ಜೆ ಏರಿದ. ಇನ್ನಷ್ಟು ಸಣ್ಣದಾಯಿತು. ‘ಎಡಗಾಲು’ ಎನ್ನುವುದು ‘ಗಾಲು’ ಆಗಿ, ‘ಗಾಲು’ ಎನ್ನುವುದು ಬರೀ ‘ಲು’ ಆಯಿತು. ಏಣಿಯ ಮೂರನೇ ಮೆಟ್ಟಿಲಿಗೆ ಕಣ್ಣು ಕತ್ತಲೆ ಬರುತ್ತಿದ್ದ ಪ್ರಸನ್ನ, ಮೇಲಿನ ಆ ಮೌನದ ಆಸೆಗೆ ಕೈಕಾಲು ಎತ್ತೆತ್ತಿ ಹಾಕಿದ. ಕೆಳಗೆ ಯಾರೋ ಚಪ್ಪಾಳೆ ತಟ್ಟಿದರು. “ಗೋ ಡ್ಯಾಡ್,” ಎಂದಳು ತನಿಷಾ. ಅಪ್ಪನಿಗೆ ಅವಳು ನಾಲ್ಕು ಜನರ ಮುಂದೆ ನಾಚಿಕೊಳ್ಳದೆ ಹೇಳಿದ ಮೊದಲ ಮಾತು ಅದು. ಮುಕ್ಕಾಲು ಗೋಡೆ ದಾಟಿದಾಗ ಶಂಕರ್ ಪೂರ್ತಿ ಕೇಳಿಸದಾದ. ಎಷ್ಟೊಂದು ಪ್ರಶಾಂತವಾಗಿತ್ತು. ಮಾತಿಗಾಗಿ ಹೇಳಿದ ಹುಚ್ಚು ನಿಜಕ್ಕೂ ಹಿಡಿಯಿತೇನೋ ಎಂದು ಪ್ರಸನ್ನನಿಗೆ ಅನ್ನಿಸಿತು. ಎರಡು ದೊಡ್ಡ ಕೆಂಪು ಹಿಡಿಕೆಗಳನ್ನು ತಬ್ಬಿಕೊಂಡು, ಸಂತೋಷಪಡಲು ಕೆಳಗೆ ನೋಡಿದ.

ಕೆಂಪಮ್ಮ ಕುಂಕುಮದ ಭರಣಿಯಷ್ಟಿದ್ದರು.

“ಸುಹಾ,” ಎಂದ ಪ್ರಸನ್ನ. ದನಿ ಗೋದಾಮಿನ ತುಂಬ ಮೊಳಗಿತು. “ಸುಹಾ, ಮೇಷ್ಟ್ರನ್ನ ಕರಿ.”

“ಯಾವ ಮೇಷ್ಟ್ರು, ರೀ?”

“ಯಾರಾದ್ರೂ ಸರಿ. ಬೆನ್ನಿರೋರು.”

ಮಾಳವಿಕಾ ಹಲ್ಲು ಕೀಳುವಾಗಿನ ಸಮಾಧಾನದ ದನಿ ತೆಗೆದಳು. ‘ನೀನು ಕೈ ಬಿಡು, ನಾನು ಇಳಿಸುತ್ತೇನೆ’ ಎನ್ನುವುದು ಅವಳ ಉದ್ದೇಶ. ಅದು ಅಜ್ಜಿಯ ಕನ್ನಡದ ಮೂಲಕ ಹೊರಬಿದ್ದದ್ದು ಹೀಗೆ: “ಅಂಕಲ್, ಹೆದರಬೇಡ. ನೋವಾಗಲ್ಲ. ನಾನು ಈಗ ನಿನ್ನ ಕೈ ಬಿಡ್ತೀನಿ.”

“ಬೇಡಮ್ಮ,” ಎಂದು ಪ್ರಸನ್ನ ಗೋಡೆಗೆ ಕೆನ್ನೆಯೊತ್ತಿದ. “ನಿನ್ನ ಕಾಲಿಗೆ ಬೀಳ್ತೀನಿ, ಕೈ ಬಿಡಬೇಡ.”

“ಇಲ್ಲ ಅಂಕಲ್, ಬಿಡ್ತೀನಿ. ಪ್ರಾಮಿಸ್.”

“ಸ್ವಲ್ಪ ತಡಿ ಮಾಳವಿಕಾ,” ಎಂದಳು ಸುಹಾಸಿನಿ. “ಈಗ್ಲೇ ಇಳಿಸ್ಬೇಡ.” ಅವಳು ಗೋಡೆಯ ಬುಡಕ್ಕೆ ಬಂದು, ಕತ್ತೆತ್ತಿ, ಮಾರುಕಟ್ಟೆಯಲ್ಲಿ ಸೊಪ್ಪು ಕೇಳುವವಳಂತೆ ಕೇಳಿದಳು: “ರೀ, ನಿಜ ಹೇಳಿ. ಸಿಡ್ನಿ ಯಾಕೆ?”

ಅಷ್ಟೆತ್ತರದಲ್ಲಿ ಸುಳ್ಳು ಹುಟ್ಟುವುದಿಲ್ಲ.

“ಅಲ್ಲಿ ಶಂಕರ್ ಇಲ್ವಲ್ಲ, ಅದಕ್ಕೇ,” ಎಂದು ಪ್ರಸನ್ನ ಕೂಗಿದ. ‘ಇಲ್ವಲ್ಲ, ಇಲ್ವಲ್ಲ’ ಎಂದು ನಾಲ್ಕು ಗೋಡೆಗಳೂ ಅನುಮೋದಿಸಿದವು.

ಕೆಳಗೆ ಎಲ್ಲರೂ ಕೆಂಪಮ್ಮನ ಕೈಯಲ್ಲಿದ್ದ ಫೋನಿನ ಕಡೆ ತಿರುಗಿದರು. ಶಂಕರ್ ಪರದೆಗೆ ಕಿವಿ ಹಚ್ಚಿದ್ದ. “ಏನೋ ನನ್ನ ಹೆಸರು ಬಂತಲ್ಲ ಚಿಕ್ಕಮ್ಮ? ಶಂಕರ್ ಇಲ್ವಲ್ಲ ಅಂದ್ರಾ?”

ಕೆಂಪಮ್ಮ ಕಣ್ಣು ಮಿಟುಕಿಸಲಿಲ್ಲ. “ಊಂಕಣಪ್ಪ. ಇಂಥಾ ವೊತ್ನಲ್ಲಿ ಶಂಕರ್ ಜೊತೇಲಿಲ್ವಲ್ಲ ಅಂತ ಕೊರಗ್ತವ್ರೆ.”

ಶಂಕರ್ ಕಾಫಿ ಲೋಟ ಕೆಳಗಿಟ್ಟ. ಅವನ ಜೀವಮಾನದ ಉಪಕಾರಗಳಿಗೆ ಇಂಥ ಪ್ರತಿಫಲವನ್ನು ಅವನು ನಿರೀಕ್ಷಿಸಿರಲಿಲ್ಲ. “ಪ್ರಸನ್ನ,” ಎಂದ, “ನೀವು ಯಾವ ಊರಲ್ಲೇ ಇರಿ, ನಾನು...” ಕೆಂಪಮ್ಮನ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಜಾರಿತು. ಅದು ಜಾರಿದ್ದೋ ಜಾರಿಸಿದ್ದೋ ಎಂಬುದನ್ನು ಆಮೇಲೆ ಯಾರೂ ಅವರನ್ನು ಕೇಳಲಿಲ್ಲ.

ಸುಹಾಸಿನಿ ನಗುತ್ತಿದ್ದಳು. ನಕ್ಕು ನಕ್ಕು ನೆಲದ ಮೆತ್ತೆಯ ಮೇಲೆ ಕೂತೇಬಿಟ್ಟಳು.

“ಮೊದ್ಲೇ ಹೇಳೋದಲ್ವಾ ರೀ? ನನಗೆ ಮಾತ್ರ ಮೆಲ್ಬರ್ನ್ ಬೇಕಿತ್ತಾ? ಅಕ್ಕನ ಹಳೇ ಫ್ರಾಕು, ಅಕ್ಕನ ಹಳೇ ಜಾಮಿಟ್ರಿ ಬಾಕ್ಸು, ಅಕ್ಕನ ಹಳೇ ಸೈಕಲ್ಲು ಅಂತಲೇ ಬೆಳೆದೋಳು ನಾನು. ಇನ್ನು ಅಕ್ಕನ ಹಿಂದಿನ ಬೀದೀನೂ ಬೇಕಾ? ನೀವೇ ಮೆಲ್ಬರ್ನ್ ಬೇಡ ಅಂತ ಗಟ್ಟಿಯಾಗಿ ಹೇಳ್ಲಿ ಅಂತ ನಾನು ಕಾಯ್ತಿದ್ರೆ, ನೀವು ಗೋಡೆ ಹತ್ತಿ ಕೂತಿದೀರಿ.”

“ನನ್ಮುಂದೆ ಅಕ್ಕನ್ನ ಆಡ್ಕೋಬೇಡ,” ಎಂದು ಕೆಂಪಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಆ ಸೈಕಲ್ಲು ಚೆನ್ನಾಗೇ ಇತ್ತು.”

“ಹಾಗಾದ್ರೆ ಸಿಡ್ನಿನಾ?” ಎಂದು ಮೇಲಿನಿಂದ ಸಣ್ಣ ದನಿ ಬಂತು.

“ಸಿಡ್ನಿ ಯಾಕೆ ಅಂಕಲ್?” ಎಂದಳು ಮಾಳವಿಕಾ, ಹಗ್ಗ ಬಿಗಿಹಿಡಿದುಕೊಂಡೇ. “ಬ್ರಿಸ್ಬೇನಿಗೆ ಹೋಗು. ಬಂಡೆ ಊರೊಳಗೇ ಇದೆ. ನದಿ ಪಕ್ಕ. ಕಾರು ಬೇಡ, ಡ್ರೈವ್ ಬೇಡ. ಕೆಳಗೆ ಪಾರ್ಕಿದೆ, ಜನ ಕೂತ್ಕೊಂಡು ಊಟ ಮಾಡ್ತಾ ಕ್ಲೈಂಬರ್ಸ್‌ನ ನೋಡ್ತಾರೆ.”

“ಅಲ್ಲಿಂದ ಮೆಲ್ಬರ್ನಿಗೆ?” ಎಂದು ಪ್ರಸನ್ನ, ಸುಹಾಸಿನಿ ಒಂದೇ ಉಸಿರಿಗೆ ಕೇಳಿದರು.

“ಫ್ಲೈಟಲ್ಲೇ ಹೋಗ್ಬೇಕು.”

“ಬ್ರಿಸ್ಬೇನ್,” ಎಂದರು ಗೋಡೆಯ ಮೇಲಿದ್ದವನೂ ಗೋಡೆಯ ಕೆಳಗಿದ್ದವಳೂ. ಹದಿನಾರು ವರ್ಷದ ಸಂಸಾರದಲ್ಲಿ ಗಂಡ ಹೆಂಡತಿ ಒಂದೇ ಮಾತಿಗೆ ಒಟ್ಟಿಗೆ ಒಪ್ಪಿದ ಅಪರೂಪದ ಗಳಿಗೆ ಅದು. ಒಬ್ಬರು ನೆಲದಲ್ಲಿ, ಒಬ್ಬರು ಆಕಾಶದಲ್ಲಿ.

“ಈಗ ಇಳೀರಿ ಮತ್ತೆ,” ಎಂದಳು ಸುಹಾಸಿನಿ.

“ಇವಳು ಕೈ ಬಿಡ್ತೀನಿ ಅಂತಾಳಲ್ಲೇ.”

ಕೆಂಪಮ್ಮ ಮುಂದೆ ಬಂದರು. “ಅಳಿಯಂದ್ರೇ, ಕೇಳಿ ಇಲ್ಲಿ. ಅವಳು ಕೈ ಬಿಡಕ್ಕಿಲ್ಲ. ಕೈ ಬಿಡಬೇಕಾಗಿರೋದು ನೀವು. ನೀವು ಕೈ ಬಿಟ್ರೆ ಅವಳು ಕೈ ಬಿಡಕ್ಕಿಲ್ಲ. ನೀವು ಕೈ ಬಿಡದೇ ಇದ್ರೆ, ನಾವೆಲ್ಲ ನಿಮ್ಮ ಕೈ ಬಿಟ್ಟು ಮನೆಗೋಯ್ತೀವಿ.”

ಪ್ರಸನ್ನ ಈ ವ್ಯಾಕರಣವನ್ನು ಗೋಡೆಗೆ ಅಂಟಿಕೊಂಡೇ ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡ. ಮಧುಗಿರಿಯನ್ನು ನೆನೆದ. ಕಣ್ಣು ಮುಚ್ಚಿದ. ಕೈ ಬಿಟ್ಟ.

ಬೀಳಲಿಲ್ಲ. ಬಾವಿಯಿಂದ ಸೇದಿದ ಕೊಡ ತಿರುಗಿ ನಿಧಾನವಾಗಿ ಇಳಿದಂತೆ, ಅತ್ತಿಂದಿತ್ತ ತೂಗುತ್ತ, ಒಂದು ಸುತ್ತು ತಿರುಗುತ್ತ ಪ್ರಸನ್ನ ನೆಲಕ್ಕೆ ಬಂದ. ತನಿಷಾ ಅಷ್ಟೂ ಹೊತ್ತು ಅದನ್ನು ರೆಕಾರ್ಡ್ ಮಾಡಿಕೊಂಡಿದ್ದಳು. “ದಟ್ ವಾಸ್ ಆಕ್ಚುವಲೀ ಕೂಲ್,” ಎಂದಳು. ಅವನು ಅದಕ್ಕೆ ಉತ್ತರವಾಗಿ ಹೆಬ್ಬೆರಳು ತೋರಿಸಲು ಹೋದ. ಬೆರಳು ಬಿಚ್ಚಲಿಲ್ಲ. ಎರಡು ಕೈಗಳೂ ಕೆಂಪು ಹಿಡಿಕೆಗಳನ್ನು ಇನ್ನೂ ಹಿಡಿದಿರುವಂತೆ, ಏಡಿಯ ಕೊಂಡಿಗಳಂತೆ ಹಾಗೇ ನಿಂತಿದ್ದವು.

“ಮೊದಲ ಸಲ ಎಲ್ಲರಿಗೂ ಹೀಗೇ ಆಗತ್ತೆ,” ಎಂದಳು ಮಾಳವಿಕಾ. ಅಷ್ಟರಲ್ಲಿ ಏನೋ ಹೊಳೆದು ತಡೆದಳು. “ವೇಟ್. ಮೊದಲ ಸಲನಾ ಅಂಕಲ್?”

“ಖಂಡಿತ,” ಎಂದ ಪ್ರಸನ್ನ. ಆ ವಾರ ಅವನು ಆಡಿದ ಖಂಡಿತಗಳಲ್ಲಿ ನಿಜವಾದದ್ದು ಅದೊಂದೇ.

ಹೊರಗೆ ಪಾರ್ಕಿಂಗಿನಲ್ಲಿ ಕಾರಿನ ಡಿಕ್ಕಿ ತೆಗೆದು, ಅದರ ಅಂಚಿನ ಮೇಲೆ ಕೆಂಪಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಸುಹಾಸಿನಿಯ ಫೋನು ಸದ್ದು ಮಾಡಿತು. ಶಂಕರನ ಸಂದೇಶ: ನೆಟ್‌ವರ್ಕ್ ಹೋಯಿತು, ಪ್ರಸನ್ನನಿಗೆ ಬೇಜಾರು ಬೇಡವೆಂದು ಹೇಳಿ, ಊರು ಯಾವುದಾದರೂ ಸರಿ, ದೀಪಾವಳಿಗೆ ತಪ್ಪದೆ ಬರುತ್ತೇನೆ.

“ದೀಪಾವಳಿಗೆ ತಾನೇ,” ಎಂದ ಪ್ರಸನ್ನ ಉದಾರವಾಗಿ. “ಬರ್ಲಿ ಬಿಡು. ಬಂಡೆ ಕೆಳಗೆ ನಿಲ್ಲಿಸಿ ನಾನು ಮೇಲೆ ಹೋಗ್ತೀನಿ.”

“ಅದಿರ್ಲಿ, ಮನೆಗೆ ಹೋದ ತಕ್ಷಣ ಆ ಅಲಾರ್ಮಿಗೆ ಬ್ಯಾಟರಿ ಹಾಕ್ತೀರಾ? ಈಗ ನೀವು ಕ್ಲೈಂಬರ್ರು.”

“ಹಾಕ್ತೀನಿ. ಬೆರಳು ಬಿಚ್ಚಲಿ.” ಪ್ರಸನ್ನ ಕೊಂಡಿಯಂಥ ಕೈಯನ್ನು ಡಬ್ಬಿಯ ಕಡೆ ಚಾಚಿದ, ಚಿತ್ರಾನ್ನದ ಕಡಲೆಬೀಜವೊಂದು ಚಿಮ್ಮಿ ಹೋಯಿತು. “ಹಸಿವು ಕಣೇ.”

ಸುಹಾಸಿನಿ ಸುತ್ತ ಒಮ್ಮೆ ನೋಡಿದಳು. ಜಿಮ್ಮಿನಿಂದ ಹಗ್ಗ ಹೊತ್ತ ಜನ ಹೊರಬರುತ್ತಲೇ ಇದ್ದರು. ಆದರೂ ಅವಳು, ಸೆರಗಿಲ್ಲದ್ದರಿಂದ ಜಾಕೆಟ್ಟಿಗೇ ಕೈ ಒರೆಸಿಕೊಂಡು, ಚಿತ್ರಾನ್ನವನ್ನು ಒಂದು ತುತ್ತು ಕಟ್ಟಿ, ಅವನ ಬಾಯಿಗಿಟ್ಟಳು.